ಸಹಿ ಅರಸನದು, ಹೊಣೆ ಮಂತ್ರಿಯದು



2019ರ ಆಗಸ್ಟ್ 28. ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಅವರು ವಾಡಿಕೆಯಂತೆ ಬೇಸಿಗೆ ಕಳೆಯಲು ಸ್ಕಾಟ್ಲೆಂಡಿನ ಬಾಲ್ಮೋರಲ್ ಅರಮನೆಯಲ್ಲಿದ್ದರು. ಲಂಡನ್ನಿನಿಂದ ಪ್ರಿವಿ ಕೌನ್ಸಿಲಿನ ಮೂವರು ಸದಸ್ಯರು ಅಲ್ಲಿಗೆ ಬಂದರು. ಪ್ರಿವಿ ಕೌನ್ಸಿಲ್ ಎಂದರೆ ಅರಸರ ಹಳೆಯ ಮಂತ್ರಾಲೋಚನೆಯ ಸಭೆ. ಅಲ್ಲಿ ಯಾರೂ ಕೂರುವ ಪದ್ಧತಿಯಿಲ್ಲ, ಎಲ್ಲರೂ ನಿಂತೇ ಇರುತ್ತಾರೆ. ಹಾಗಾಗಿ ಸಭೆ ಬೇಗ ಮುಗಿಯುತ್ತದೆ. ಬಂದವರು ಒಂದು ಆದೇಶದ ಕರಡನ್ನು ಮುಂದಿಟ್ಟರು. ಪಾರ್ಲಿಮೆಂಟಿನ ಅಧಿವೇಶನವನ್ನು ಸುಮಾರು ಐದು ವಾರ ಮುಚ್ಚಿಡಬೇಕು ಎಂಬುದು ಪ್ರಧಾನಿ ಬೋರಿಸ್ ಜಾನ್ಸನ್ ಅವರ ಸಲಹೆ. ಯುರೋಪಿಯನ್ ಒಕ್ಕೂಟದಿಂದ ಬ್ರಿಟನ್ ಹೊರಬರಲು ಅಕ್ಟೋಬರ್ 31ರ ಗಡುವಿತ್ತು. ಪಾರ್ಲಿಮೆಂಟು ಪ್ರಶ್ನೆ ಕೇಳಬೇಕಾದ ಹೊತ್ತಿನಲ್ಲೇ ಅದರ ಬಾಗಿಲು ಹಾಕಿದರೆ ಹೇಗೆ ಎಂದು ದೇಶವೆಲ್ಲ ಕೂಗೆದ್ದಿತು. ರಾಣಿ ಮಾತ್ರ ಸಲಹೆಗೆ ಒಪ್ಪಿಗೆ ಕೊಟ್ಟರು.

ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಸೆಪ್ಟೆಂಬರ್ 24ರಂದು 11 ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು. ಪ್ರಧಾನಿ ಕೊಟ್ಟ ಸಲಹೆಯೇ ಕಾನೂನುಬಾಹಿರ, ಅದರ ಮೇಲೆ ಹೊರಟ ಆದೇಶವೂ ಅಸಿಂಧು, ಪಾರ್ಲಿಮೆಂಟಿನ ಅಧಿವೇಶನ ಮುಗಿದೇ ಇಲ್ಲ ಎಂದರು. ಮರುದಿನವೇ ಸದಸ್ಯರು ಮರಳಿ ತಮ್ಮ ಜಾಗಗಳಲ್ಲಿ ಕುಳಿತರು.

ಈಗ ನೋಡಿ, ಆದೇಶ ಹೊರಟದ್ದು ರಾಣಿಯ ಹೆಸರಿನಲ್ಲಿ. ಒಪ್ಪಿಗೆ ಕೊಟ್ಟವರೂ ಅವರೇ. ಆದರೂ ಕೋರ್ಟು ಅವರ ಕಡೆಗೆ ಬೆರಳು ತೋರಿಸಲಿಲ್ಲ. ಸಲಹೆಯನ್ನು ಒಪ್ಪದೆ ಅವರಿಗೆ ಬೇರೆ ದಾರಿಯಿರಲಿಲ್ಲ ಎಂಬುದನ್ನು ವಾದಿ ಪ್ರತಿವಾದಿಗಳಲ್ಲಿ ಯಾರೂ ಪ್ರಶ್ನಿಸಲಿಲ್ಲ. ಕಟಕಟೆಯಲ್ಲಿ ನಿಂತದ್ದು ಸಲಹೆ ಮಾತ್ರ. ಸಂಸತ್ತಿಗೆ ಬದ್ಧವಾದ ರಾಜಪ್ರಭುತ್ವ ಹೇಗೆ ನಡೆಯುತ್ತದೆ ಎಂದು ಕೇಳಿದವರಿಗೆ ನಾನು ಮೊದಲು ತೋರಿಸುವುದು ಈ ಪ್ರಕರಣವನ್ನೇ. ಕಾಗದದ ಮೇಲಿನ ಹೆಸರು ಒಬ್ಬರದು. ಜನರೆದುರು ಉತ್ತರ ಹೇಳಬೇಕಾದವರು ಇನ್ನೊಬ್ಬರು.

ಇದು ಒಂದು ದಿನದಲ್ಲಿ ಆದ ಏರ್ಪಾಡಲ್ಲ; ಯಾವ ಅರಸನೂ ಉದಾರ ಮನಸ್ಸಿನಿಂದ ಬಿಟ್ಟುಕೊಟ್ಟದ್ದೂ ಅಲ್ಲ. ಇಂಗ್ಲೆಂಡಿನ ಕಾನೂನಿನಲ್ಲಿ ಅರಸ ತಪ್ಪು ಮಾಡಲಾರ ಎಂಬ ಹಳೆಯ ತತ್ವವೊಂದಿದೆ. ಕೇಳಿದರೆ ಹೊಗಳುಭಟರು ಕಟ್ಟಿದ ಮಾತಿನಂತಿದೆ. ಅರಸನ ಮೇಲೆ ಅವನದೇ ನ್ಯಾಯಾಲಯದಲ್ಲಿ ದಾವೆ ಹೂಡಲಾಗದು ಎಂಬುದು ಅದರ ಮೊದಲ ಅರ್ಥ. ಪಾರ್ಲಿಮೆಂಟಿನ ವಕೀಲರು ಈ ಮಾತನ್ನು ಅಲ್ಲಗಳೆಯಲು ಹೋಗಲಿಲ್ಲ. ತಲೆಬಾಗಿ ಒಪ್ಪಿಕೊಂಡರು, ಒಪ್ಪಿಕೊಂಡೇ ತಿರುಗಿಸಿ ಹಿಡಿದರು. ಅರಸ ತಪ್ಪು ಮಾಡಲಾರ, ಸರಿ. ಆದರೆ ಅವನ ಹೆಸರಿನಲ್ಲಿ ತಪ್ಪು ನಡೆದಿರುವುದು ಕಣ್ಣಿಗೆ ಕಾಣುತ್ತಿದೆಯಲ್ಲ? ಹಾಗಿದ್ದರೆ ಸಲಹೆ ಕೊಟ್ಟವನು ಯಾರೋ ಇದ್ದಾನೆ, ಅವನನ್ನು ಹಿಡಿಯಿರಿ.

ಹಿಡಿದದ್ದು ಒಬ್ಬ ಘನವಂತನನ್ನೇ. ಎರಡನೆಯ ಚಾರ್ಲ್ಸನ ಮುಖ್ಯಮಂತ್ರಿಯಂತಿದ್ದ ಡ್ಯಾನ್‌ಬಿಯ ಅರ್ಲ್. ಪಾರ್ಲಿಮೆಂಟಿಗೆ ತಿಳಿಯದಂತೆ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯಿಂದ ಹಣ ಕೇಳುವ ಪತ್ರವನ್ನು ಆತ ರಾಯಭಾರಿಗೆ ಬರೆದಿದ್ದ. ಅದು ಬಯಲಿಗೆ ಬಿತ್ತು. 1678ರಲ್ಲಿ ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆ ಅವನ ಮೇಲೆ ದೋಷಾರೋಪ ಹೊರಿಸಿತು. ಡ್ಯಾನ್‌ಬಿಯ ಬಳಿ ಗಟ್ಟಿಯಾದ ಉತ್ತರವಿತ್ತು: ಪತ್ರದ ಕೊನೆಯಲ್ಲಿ ಅರಸ ಸ್ವಹಸ್ತದಿಂದ ತನ್ನ ಒಪ್ಪಿಗೆ ಬರೆದಿದ್ದ. ಅದೂ ಸಾಲದೆಂದು ಅರಸ ಅವನಿಗೆ ಕ್ಷಮಾಪಣೆಯ ಪತ್ರವನ್ನೂ ಕೊಟ್ಟ. ಕಾಮನ್ಸ್ ಸಭೆ ಎರಡನ್ನೂ ಪಕ್ಕಕ್ಕೆ ಸರಿಸಿತು. ಅರಸನ ಅಪ್ಪಣೆ ಮಂತ್ರಿಗೆ ಗುರಾಣಿಯಾಗದು, ಅರಸನ ಕ್ಷಮೆ ಮಂತ್ರಿಯನ್ನು ಉಳಿಸದು ಎಂದು ಪಟ್ಟುಹಿಡಿಯಿತು. ಡ್ಯಾನ್‌ಬಿ ಸುಮಾರು ಐದು ವರ್ಷ ಲಂಡನ್ ಟವರಿನ ಸೆರೆಯಲ್ಲಿ ಕೊಳೆತ. ಪಾರ್ಲಿಮೆಂಟು ದೋಷಾರೋಪ ಹೊರಿಸಿದವನನ್ನು ಅರಸನ ಕ್ಷಮಾಪಣೆ ಕಾಪಾಡದು ಎಂಬುದು 1701ರ ಉತ್ತರಾಧಿಕಾರ ಕಾಯಿದೆಯಲ್ಲಿ ಶಾಸನವೇ ಆಯಿತು.

ಇಂಗ್ಲೆಂಡಿನ ಕಥೆ ಹೇಳುವಾಗ ಎಲ್ಲರೂ 1215ರ ಮ್ಯಾಗ್ನ ಕಾರ್ಟವನ್ನೂ, 1649ರಲ್ಲಿ ಮೊದಲನೆಯ ಚಾರ್ಲ್ಸನ ತಲೆ ಉರುಳಿದ್ದನ್ನೂ ಹೇಳುತ್ತಾರೆ. ಅವೂ ದೊಡ್ಡವೇ. ಆದರೆ ಅರಸನ ತಲೆ ತೆಗೆದ ಮೇಲೂ ಹನ್ನೊಂದು ವರ್ಷಕ್ಕೆ ಅವನ ಮಗ ಪಟ್ಟಕ್ಕೆ ಬಂದ. ಡ್ಯಾನ್‌ಬಿಯ ಪ್ರಕರಣದಲ್ಲಿ ಅರಸನ ತಲೆಗೂದಲೂ ಕೊಂಕಲಿಲ್ಲ, ಅಧಿಕಾರ ಮಾತ್ರ ಜಾರಿತು. ಇನ್ನು ಮೇಲೆ ಯಾವ ಮಂತ್ರಿಯೂ ತನ್ನ ಕುತ್ತಿಗೆಯನ್ನು ಯೋಚಿಸದೆ ಅರಸನ ಮಾತಿಗೆ ಹೂಂಗುಟ್ಟುವಂತಿರಲಿಲ್ಲ. ಸಹಿ ಹಾಕಲು ಮಂತ್ರಿ ಸಿಕ್ಕದಿದ್ದರೆ ಅರಸನ ಅಪ್ಪಣೆ ಮೇಜಿನಿಂದ ಮುಂದೆ ಹೋಗದು.

ಉಳಿದದ್ದನ್ನು ಹಣ ಮಾಡಿತು. 1689ರ ಹಕ್ಕುಗಳ ಮಸೂದೆಯ ಪ್ರಕಾರ ಪಾರ್ಲಿಮೆಂಟಿನ ಸಮ್ಮತಿಯಿಲ್ಲದೆ ತೆರಿಗೆ ಎತ್ತುವಂತಿಲ್ಲ, ಶಾಂತಿಕಾಲದಲ್ಲಿ ಸೈನ್ಯ ಇಟ್ಟುಕೊಳ್ಳುವಂತಿಲ್ಲ, ಕಾನೂನನ್ನು ಅಮಾನತಿನಲ್ಲಿಡುವಂತಿಲ್ಲ. ಸೈನ್ಯದ ಶಿಸ್ತಿನ ಕಾಯಿದೆಗೆ ಪಾರ್ಲಿಮೆಂಟು ಅಲ್ಪಾವಧಿಯ ಮಂಜೂರಾತಿಯನ್ನಷ್ಟೇ ಕೊಡುತ್ತಿತ್ತು. ಆದ್ದರಿಂದ ಅರಸ ವರ್ಷ ವರ್ಷವೂ ಸಭೆ ಕರೆಯಲೇಬೇಕಾಯಿತು. ಸಭೆ ಕರೆದ ಮೇಲೆ ಅಲ್ಲಿ ಬಹುಮತ ಇರುವವರನ್ನು ಮಂತ್ರಿಗಳನ್ನಾಗಿ ಮಾಡಿಕೊಂಡರೆ ಕೆಲಸ ಸಲೀಸು. 1714ರಲ್ಲಿ ಜರ್ಮನಿಯ ಹ್ಯಾನೋವರಿನಿಂದ ಬಂದ ಮೊದಲನೆಯ ಜಾರ್ಜ್ ಕೆಲವೇ ವರ್ಷಗಳಲ್ಲಿ ಮಂತ್ರಿಮಂಡಲದ ಸಭೆಗೆ ಬರುವುದನ್ನೇ ಬಿಟ್ಟ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅದಕ್ಕೇ ಪ್ರಧಾನಮಂತ್ರಿ ಹುಟ್ಟಿಕೊಂಡ ಎಂದು ನಮ್ಮ ಶಾಲೆಯ ಮೇಷ್ಟರು ಹೇಳಿಕೊಡುತ್ತಿದ್ದರು. ಕಥೆ ಚೆನ್ನಾಗಿದೆ. ಆದರೆ ಜಾರ್ಜನಿಗೆ ಫ್ರೆಂಚ್ ಸೊಗಸಾಗಿ ಬರುತ್ತಿತ್ತು, ಮಂತ್ರಿಗಳೊಡನೆ ವ್ಯವಹಾರ ಆ ಭಾಷೆಯಲ್ಲಿ ನಡೆಯುತ್ತಿತ್ತು. ಭಾಷೆಗಿಂತ ದೊಡ್ಡ ಕಾರಣ ಕಾಮನ್ಸ್ ಸಭೆಯ ಮತಗಳು. 1721ರಿಂದ ರಾಬರ್ಟ್ ವಾಲ್ಪೋಲ್ ಸುಮಾರು ಇಪ್ಪತ್ತು ವರ್ಷ ಅಧಿಕಾರದಲ್ಲಿ ನಿಂತದ್ದು ಆ ಮತಗಳನ್ನು ಕೈಯಲ್ಲಿಟ್ಟುಕೊಂಡಿದ್ದರಿಂದ.

ಅರಸರು ಇಷ್ಟಕ್ಕೆಲ್ಲ ಸುಮ್ಮನಾಗಲಿಲ್ಲ. ಪಾರ್ಲಿಮೆಂಟು ಒಪ್ಪಿದ ಮಸೂದೆಯೊಂದಕ್ಕೆ ಅಂಕಿತ ಹಾಕೆನೆಂದ ಕೊನೆಯ ಆಡಳಿತಗಾರ್ತಿ ರಾಣಿ ಆ್ಯನ್. ಅದು 1708ರಲ್ಲಿ, ಸ್ಕಾಟ್ಲೆಂಡಿನ ನಾಗರಿಕ ಸೇನೆಗೆ ಸಂಬಂಧಿಸಿದ ಮಸೂದೆ. ಅದೂ ಮಂತ್ರಿಗಳ ಸಲಹೆಯಂತೆಯೇ. 1834ರಲ್ಲಿ ನಾಲ್ಕನೆಯ ವಿಲಿಯಂ ತನಗೆ ಹಿಡಿಸದ ಪ್ರಧಾನಿ ಮೆಲ್ಬರ್ನರನ್ನು ಮನೆಗೆ ಕಳಿಸಿ ರಾಬರ್ಟ್ ಪೀಲರನ್ನು ಕೂರಿಸಿದ. ಚುನಾವಣೆ ನಡೆಯಿತು, ಪೀಲರಿಗೆ ಬಹುಮತ ಬರಲಿಲ್ಲ, 1835ರ ಏಪ್ರಿಲಿನಲ್ಲಿ ಅದೇ ಮೆಲ್ಬರ್ನರನ್ನು ಅದೇ ಅರಸ ಮತ್ತೆ ಕರೆಯಬೇಕಾಯಿತು. ಆ ಮುಖಭಂಗ ಒಂದು ಕಾಯಿದೆಯಷ್ಟೇ ಕೆಲಸ ಮಾಡಿತು. ಅಲ್ಲಿಂದೀಚೆಗೆ ಬ್ರಿಟನ್ನಿನ ಯಾವ ಅರಸನೂ ಪ್ರಧಾನಿಯನ್ನು ವಜಾ ಮಾಡುವ ಸಾಹಸಕ್ಕೆ ಕೈಹಾಕಿಲ್ಲ.

ವಿಕ್ಟೋರಿಯಾ ರಾಣಿಯ ಪ್ರಸಂಗ ಇದಕ್ಕಿಂತ ಸ್ವಾರಸ್ಯದ್ದು. 1839ರ ಮೇ ತಿಂಗಳು, ಆಕೆಗೆ ಹತ್ತೊಂಬತ್ತು ವರ್ಷ. ಮೆಲ್ಬರ್ನರು ರಾಜೀನಾಮೆ ಕೊಟ್ಟರು, ಪೀಲರಿಗೆ ಕರೆ ಹೋಯಿತು. ಪೀಲರು ಒಂದು ಕೋರಿಕೆ ಮುಂದಿಟ್ಟರು: ರಾಣಿಯ ಅಂತಃಪುರದ ಸಖಿಯರೆಲ್ಲ ವಿರೋಧಿ ವಿಗ್ ಪಕ್ಷದವರ ಹೆಂಡಿರು, ಅಕ್ಕತಂಗಿಯರು, ಅವರಲ್ಲಿ ಕೆಲವರನ್ನಾದರೂ ಬದಲಿಸಬೇಕು. ರಾಣಿ ಸುತರಾಂ ಒಪ್ಪಲಿಲ್ಲ. ನನ್ನ ಜೊತೆಗೆ ಕೂತು ಊಟ ಮಾಡುವವರನ್ನು ಆರಿಸಲು ಇವರು ಯಾರು ಎಂಬುದು ಆಕೆಯ ಹಟ. ಪೀಲರು ಸರ್ಕಾರ ರಚಿಸದೆ ಹಿಂದೆ ಸರಿದರು. ಗೆದ್ದದ್ದು ರಾಣಿ ಎಂದು ತೋರಿತು. 1841ರಲ್ಲಿ ಚುನಾವಣೆ ನಡೆದು ಪೀಲರ ಪಕ್ಷ ಬಹುಮತದಿಂದ ಬಂದಿತು. ಈ ಸಲ ರಾಣಿಯ ಪತಿ ಆಲ್ಬರ್ಟ್ ಮೊದಲೇ ಮಾತುಕತೆ ಮಾಡಿ, ಮೂವರು ಪ್ರಮುಖ ಸಖಿಯರು ತಾವಾಗಿಯೇ ಬಿಟ್ಟುಹೋಗುವಂತೆ ನೋಡಿಕೊಂಡ. ಸಖಿಯರ ವಿಷಯ ಅಲ್ಲಿಗೆ ಮುಗಿಯಿತು. ಮತದಾರರು ಒಮ್ಮೆ ಹೇಳಿದ ಮೇಲೆ ರಾಣಿಯ ಇಷ್ಟಾನಿಷ್ಟಕ್ಕೆ ಜಾಗವಿಲ್ಲ ಎಂಬ ಪಾಠವನ್ನು ಅರಮನೆ ಮರೆಯಲಿಲ್ಲ.

ಇಂದು ಈ ಯಂತ್ರ ಹೇಗೆ ಓಡುತ್ತಿದೆ? ಕಾಮನ್ಸ್ ಸಭೆಯಲ್ಲಿ 650 ಸ್ಥಾನ. ನಮ್ಮಲ್ಲಿಯಂತೆಯೇ ಅಲ್ಲಿನ ಮತದಾರ ತನ್ನ ಕ್ಷೇತ್ರದ ಸದಸ್ಯನಿಗೆ ಮತ ಹಾಕುತ್ತಾನೆ, ಪ್ರಧಾನಿಗಲ್ಲ. ಸಭೆಯ ವಿಶ್ವಾಸ ಯಾರ ಮೇಲಿದೆಯೋ ಅವರನ್ನು ಅರಸರು ಕರೆದು ಸರ್ಕಾರ ರಚಿಸಲು ಹೇಳುತ್ತಾರೆ. 2024ರ ಜುಲೈ 4ರಂದು ಮತದಾನ. 5ನೆಯ ತಾರೀಕು ರಿಷಿ ಸುನಕ್ ಅವರು ಬಕಿಂಗ್‌ಹ್ಯಾಂ ಅರಮನೆಗೆ ಹೋಗಿ ರಾಜೀನಾಮೆ ಕೊಟ್ಟರು, ಬೆನ್ನಿಗೇ ಕೀರ್ ಸ್ಟಾರ್ಮರ್ ಅವರು ಹೋಗಿ ಪ್ರಧಾನಿಯಾಗಿ ಹೊರಬಂದರು. ವಿಶ್ವಾಸ ಹೋದರೆ ಸರ್ಕಾರ ಬೀಳಲು ಒಂದು ಮತವೂ ಸಾಕು. 1979ರ ಮಾರ್ಚ್ 28ರಂದು ಜೇಮ್ಸ್ ಕ್ಯಾಲಹನ್ ಅವರ ಸರ್ಕಾರ 311ಕ್ಕೆ 310 ಮತಗಳಿಂದ ಬಿತ್ತು. ಚುನಾವಣೆ ನಡೆದು ಮಾರ್ಗರೆಟ್ ಥ್ಯಾಚರ್ ಬಂದರು.

ಯಾರಿಗೂ ಬಹುಮತ ಬಾರದಿದ್ದರೆ? ಅರಸರಿಗೆ ನಿಜವಾಗಿ ಆಯ್ಕೆಯ ಅವಕಾಶ ಸಿಗುವುದು ಆಗಲೇ, ಅರಮನೆ ಬೆವರುವುದೂ ಆಗಲೇ. 2010ರ ಮೇ 6ರ ಚುನಾವಣೆಯಲ್ಲಿ ಹಾಗಾಯಿತು. ಪಕ್ಷಗಳು ಐದು ದಿನ ತಮ್ಮತಮ್ಮಲ್ಲೇ ಚೌಕಾಸಿ ನಡೆಸಿದವು. ಸೋತಿದ್ದ ಗಾರ್ಡನ್ ಬ್ರೌನ್ ಅಷ್ಟೂ ದಿನ ಪ್ರಧಾನಿಯ ಕುರ್ಚಿಯಲ್ಲೇ ಇದ್ದರು. ದೇಶಕ್ಕೆ ಒಂದು ಗಳಿಗೆಯೂ ಸರ್ಕಾರ ಇಲ್ಲದಂತಾಗಬಾರದು ಎಂಬುದು ಪದ್ಧತಿ. ಹಿರಿಯ ಅಧಿಕಾರಿಗಳು ಮೊದಲೇ ಕೂತು ನಿಯಮಗಳ ಕರಡೊಂದನ್ನು ಬರೆದಿಟ್ಟಿದ್ದರು. ಡೇವಿಡ್ ಕ್ಯಾಮರನ್ ಅವರ ಹೆಸರು ಖಚಿತವಾದ ಮೇಲಷ್ಟೇ ರಾಣಿಯ ಪಾತ್ರ ಶುರುವಾಯಿತು. ಅರಸರಿಗೆ ಆಯ್ಕೆ ಮಾಡುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ಅಲ್ಲಿನ ರಾಜಕಾರಣಿಗಳ ಕರ್ತವ್ಯವೆಂದು ಎಣಿಸಲಾಗುತ್ತದೆ. ನನಗೆ ಈ ವ್ಯವಸ್ಥೆಯಲ್ಲಿ ತುಂಬ ಹಿಡಿಸುವ ಅಂಶ ಇದು.

ಅಧಿವೇಶನ ಪ್ರಾರಂಭವಾಗುವ ದಿನದ ಆಡಂಬರವನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು. ಕಿರೀಟ, ನಿಲುವಂಗಿ, ಕುದುರೆ ಸಾರೋಟು. ಅರಸರು ಕಾಮನ್ಸ್ ಸಭೆಗೆ ಕಾಲಿಡುವಂತಿಲ್ಲ. 1642ರಲ್ಲಿ ಮೊದಲನೆಯ ಚಾರ್ಲ್ಸ್ ಐವರು ಸದಸ್ಯರನ್ನು ಸೆರೆಹಿಡಿಯಲು ಸಿಪಾಯಿಗಳ ಜೊತೆ ನುಗ್ಗಿದ್ದನ್ನು ಆ ಸಭೆ ಇನ್ನೂ ಮರೆತಿಲ್ಲ. ಹಾಗಾಗಿ ಅರಸರು ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಕೂತು ದೂತನನ್ನು ಕಳಿಸುತ್ತಾರೆ. ಅವನು ಹತ್ತಿರ ಬರುತ್ತಿದ್ದಂತೆ ಕಾಮನ್ಸಿನವರು ಧಡಾರನೆ ಬಾಗಿಲು ಮುಚ್ಚುತ್ತಾರೆ; ಮೂರು ಸಲ ತಟ್ಟಿದ ಮೇಲೆ ತೆರೆಯುತ್ತಾರೆ. ಸಮಾರಂಭ ಮುಗಿದು ಅರಸರು ಕ್ಷೇಮವಾಗಿ ಮನೆ ಸೇರುವ ತನಕ ಕಾಮನ್ಸಿನ ಒಬ್ಬ ಸದಸ್ಯ ಅರಮನೆಯಲ್ಲಿ ಒತ್ತೆಯಾಳು! ಈಗ ಅದು ಬರೀ ತಮಾಷೆ, ಕಾಫಿ ಕುಡಿಸಿ ಕೂರಿಸಿರುತ್ತಾರೆ. ಅರಸರು ಓದುವ ಭಾಷಣದ ಒಂದಕ್ಷರವೂ ಅವರದಲ್ಲ, ಎಲ್ಲ ಮಂತ್ರಿಮಂಡಲ ಬರೆದುಕೊಟ್ಟದ್ದು. ತೆರಿಗೆ ಏರಿಸುವ ಮಾತನ್ನೂ ಇಳಿಸುವ ಮಾತನ್ನೂ ಒಂದೇ ದನಿಯಲ್ಲಿ ಓದಬೇಕು. ನಮ್ಮ ವಿಧಾನಮಂಡಲದ ಜಂಟಿ ಅಧಿವೇಶನದಲ್ಲಿ ರಾಜ್ಯಪಾಲರು ‘ನನ್ನ ಸರ್ಕಾರ’ ಎಂದು ಓದುವುದನ್ನು ಕೇಳಿದ್ದೀರಲ್ಲ, ಅದರ ಮೂಲ ಇಲ್ಲಿದೆ.

ಹಾಗಾದರೆ ಅರಸರಿಗೆ ಮಾಡಲು ಕೆಲಸವೇ ಇಲ್ಲವೇ? ಪತ್ರಕರ್ತ ವಾಲ್ಟರ್ ಬ್ಯಾಜಟ್ 1867ರಲ್ಲಿ ಇಂಗ್ಲೆಂಡಿನ ಸಂವಿಧಾನದ ಬಗ್ಗೆ ಬರೆದ ಪುಸ್ತಕದಲ್ಲಿ ಅರಸರಿಗೆ ಮೂರು ಹಕ್ಕುಗಳನ್ನು ಉಳಿಸಿದ: ಮಂತ್ರಿಗಳು ತಮ್ಮನ್ನು ಕೇಳಬೇಕೆನ್ನುವುದು, ಅವರನ್ನು ಹುರಿದುಂಬಿಸುವುದು, ಎಚ್ಚರಿಸುವುದು. ಪ್ರಧಾನಿ ವಾರಕ್ಕೊಮ್ಮೆ ಅರಮನೆಗೆ ಹೋಗಿ ಅರಸರನ್ನು ಕಾಣುತ್ತಾರೆ. ಆ ಕೋಣೆಯಲ್ಲಿ ಮೂರನೆಯವರಿಲ್ಲ, ಟಿಪ್ಪಣಿ ಬರೆಯುವವರಿಲ್ಲ. ಎಲಿಜಬೆತ್ ರಾಣಿ ಹದಿನೈದು ಪ್ರಧಾನಿಗಳನ್ನು ಕಂಡರು. ಮೊದಲಿನವರಾದ ಚರ್ಚಿಲ್ ಹುಟ್ಟಿದ್ದು 1874ರಲ್ಲಿ, ಕೊನೆಯವರಾದ ಲಿಜ್ ಟ್ರಸ್ 1975ರಲ್ಲಿ. ಅಷ್ಟು ಕಾಲದ ಕಡತ ಓದಿದ ಮುದುಕಿಯೊಬ್ಬರು, ಇದನ್ನು ಹಿಂದೊಬ್ಬರು ಮಾಡಿ ನೋಡಿದ್ದರು ಎಂದು ಮೆಲ್ಲಗೆ ಹೇಳಿದರೆ ಪ್ರಧಾನಿಗೆ ಕಿವಿಗೊಡದೆ ವಿಧಿಯಿಲ್ಲ. ಆದರೆ ಆ ಕೋಣೆಯ ಮಾತು ಹೊರಗೆ ಬಾರದ್ದರಿಂದ, ಆ ಪ್ರಭಾವ ಎಷ್ಟೆಂದು ಅಳೆಯುವ ಉಪಾಯ ಪ್ರಜೆಗಳಿಗಿಲ್ಲ. ಇದನ್ನು ನಾನು ಗುಣವೆಂದು ಹೊಗಳಲಾರೆ.

ಇದೇ ಜಾತಿಯ ಇನ್ನೊಂದು ವಿಷಯವಿದೆ. ಅರಮನೆಯ ಆಸ್ತಿಪಾಸ್ತಿಗೆ, ಹಿತಕ್ಕೆ ತಾಗುವ ಮಸೂದೆಗಳಿಗೆ ಚರ್ಚೆಯ ಹಂತದಲ್ಲೇ ಅರಸರ ಸಮ್ಮತಿ ಪಡೆಯುವ ಸಂಪ್ರದಾಯವಿದೆ. ಅಂಕಿತವೇ ಬೇರೆ, ಈ ಸಮ್ಮತಿಯೇ ಬೇರೆ. ಎಲಿಜಬೆತ್ ಅವರ ಆಳ್ವಿಕೆಯಲ್ಲಿ ಸಾವಿರಕ್ಕೂ ಹೆಚ್ಚು ಮಸೂದೆಗಳು ಈ ದಾರಿಯಲ್ಲಿ ಅರಮನೆಗೆ ಹೋಗಿ ಬಂದವೆಂದು ಗಾರ್ಡಿಯನ್ ಪತ್ರಿಕೆ 2021ರಲ್ಲಿ ಕಡತಗಳನ್ನು ಕೆದಕಿ ಬರೆಯಿತು. ಹಣಕಾಸಿನ ಏರ್ಪಾಡು ಮಾತ್ರ ಬಹಳ ಹಿಂದೆಯೇ ನೇರ್ಪಟ್ಟಿತು. 1760ರಲ್ಲಿ ಮೂರನೆಯ ಜಾರ್ಜ್ ತನ್ನ ರಾಜವಂಶದ ಜಮೀನುಗಳ ಆದಾಯವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟು, ಬದಲಿಗೆ ಪಾರ್ಲಿಮೆಂಟಿನಿಂದ ವರ್ಷಾಶನ ಪಡೆದ. ಈಗ ಆ ಜಮೀನುಗಳ ಲಾಭದ ಇಂತಿಷ್ಟು ಪಾಲೆಂದು ಲೆಕ್ಕಹಾಕಿ ಅರಮನೆಗೆ ಅನುದಾನ ಕೊಡುತ್ತಾರೆ.

ಅರಸನ ಕೈಯಿಂದ ಜಾರಿದ ಅಧಿಕಾರಗಳು ಎಲ್ಲಿ ಹೋದವು? ಈ ಪ್ರಶ್ನೆಯನ್ನು ನಾವು ಸಾಕಷ್ಟು ಕೇಳುವುದಿಲ್ಲ. ಯುದ್ಧ ಸಾರುವುದು, ಒಪ್ಪಂದ ಮಾಡಿಕೊಳ್ಳುವುದು, ಲಾರ್ಡ್ಸ್ ಸಭೆಗೆ ಸದಸ್ಯರನ್ನು ನೇಮಿಸುವುದು, ಅಧಿವೇಶನ ಮುಗಿಸುವುದು ಇವೆಲ್ಲ ಇಂದಿಗೂ ಅರಸನ ಪರಮಾಧಿಕಾರಗಳೇ. ಅವನ್ನು ಯಾರೂ ರದ್ದು ಮಾಡಲಿಲ್ಲ. ಅರಸನ ಖಜಾನೆಯ ಬೀಗದ ಕೈ ಗೊಂಚಲನ್ನು ಹಾಗೆಯೇ ಎತ್ತಿ ಪ್ರಧಾನಿಯ ಕೈಗಿತ್ತಂತಾಯಿತು. ಅಧಿಕಾರ ಅರಸನದು, ಆದ್ದರಿಂದ ಪಾರ್ಲಿಮೆಂಟಿನ ಅನುಮತಿ ಬೇಕಿಲ್ಲ. ಅರಸ ಸಲಹೆಗೆ ಬದ್ಧ, ಆದ್ದರಿಂದ ಅರಮನೆಯಿಂದಲೂ ಅಡ್ಡಿಯಿಲ್ಲ. ನಡುವೆ ನಿಂತ ಪ್ರಧಾನಿಗೆ ಎರಡೂ ಕಡೆಯಿಂದ ಅನುಕೂಲ. ಹಳೆಯ ಕಾಲದಲ್ಲಿ ಪಾರ್ಲಿಮೆಂಟು ಕಿರೀಟಧಾರಿಯ ಜೊತೆ ಗುದ್ದಾಡಿತು. ಈಗ ಕಿರೀಟದ ಮುದ್ರೆಯನ್ನು ಜೇಬಿನಲ್ಲಿಟ್ಟುಕೊಂಡ ಪ್ರಧಾನಿಯ ಜೊತೆ ಗುದ್ದಾಡುತ್ತಿದೆ. ಈ ಬಗೆಯ ಆಡಳಿತದಲ್ಲಿ ಅರಸನಿಗೆ ಹೆದರಬೇಕಾಗಿಲ್ಲ, ಅರಸನ ಹೆಸರಿಗೆ ಹೆದರಬೇಕು ಎಂಬುದು ನನ್ನ ಅಭಿಪ್ರಾಯ.

ಈ ಗುದ್ದಾಟದಲ್ಲಿ ಪಾರ್ಲಿಮೆಂಟು ಇಂಚಿಂಚಾಗಿ ನೆಲ ಗೆಲ್ಲುತ್ತಿದೆ. 2013ರ ಆಗಸ್ಟಿನಲ್ಲಿ ಸಿರಿಯಾದ ಮೇಲೆ ಸೇನಾ ಕಾರ್ಯಾಚರಣೆಗೆ ಕ್ಯಾಮರನ್ ಸಭೆಯ ಒಪ್ಪಿಗೆ ಕೇಳಿ 285ಕ್ಕೆ 272ರಂತೆ ಸೋತರು. ಕಾನೂನಿನ ಪ್ರಕಾರ ಕೇಳಲೇಬೇಕಿರಲಿಲ್ಲ. ಕೇಳಿ ಸೋತ ಮೇಲೆ ಯುದ್ಧಕ್ಕೆ ಹೋಗುವ ಧೈರ್ಯವನ್ನೂ ಮಾಡಲಿಲ್ಲ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಯುರೋಪಿಯನ್ ಒಕ್ಕೂಟ ಬಿಡುವ ನೋಟಿಸನ್ನು ಸರ್ಕಾರ ಅರಸನ ಪರಮಾಧಿಕಾರದ ಬಲದಿಂದ ಕೊಡಲಾಗದು, ಪಾರ್ಲಿಮೆಂಟಿನ ಕಾಯಿದೆಯೇ ಬೇಕು ಎಂದಿತು. ಅದರ ಮುಂದಿನ ಹೆಜ್ಜೆ 2019ರ ತೀರ್ಪು.

ಈಗ ಬ್ರಿಟನ್ನಿನಿಂದ ಸ್ವಲ್ಪ ಆಚೆಗೆ ಹೋಗೋಣ. ಅರಸನಿಗೆ ಆತ್ಮಸಾಕ್ಷಿ ಇರಬಹುದೇ? 1990ರಲ್ಲಿ ಬೆಲ್ಜಿಯಂ ಈ ಪ್ರಶ್ನೆ ಎದುರಿಸಿತು. ಸಂಸತ್ತು ಗರ್ಭಪಾತಕ್ಕೆ ಅವಕಾಶ ಕೊಡುವ ಮಸೂದೆಯನ್ನು ಅಂಗೀಕರಿಸಿತು. ಅರಸ ಬೋದ್ವೇನ್ ಕಟ್ಟಾ ಕ್ಯಾಥೊಲಿಕ್. ಅವರಿಗೂ ರಾಣಿಗೂ ಮಕ್ಕಳಾಗಿರಲಿಲ್ಲ. ಇದಕ್ಕೆ ಸಹಿ ಹಾಕಲು ನನ್ನ ಮನಸ್ಸು ಒಪ್ಪದು, ಆದರೆ ಪ್ರಜೆಗಳ ಪ್ರತಿನಿಧಿಗಳನ್ನು ತಡೆಯಲೂ ಇಚ್ಛೆಯಿಲ್ಲ, ಏನಾದರೂ ದಾರಿ ಹುಡುಕಿ ಎಂಬ ಅರ್ಥದಲ್ಲಿ ಪ್ರಧಾನಿ ವಿಲ್‌ಫ್ರೀಡ್ ಮಾರ್ಟೆನ್ಸ್ ಅವರಿಗೆ ಪತ್ರ ಬರೆದರು. ಸಂವಿಧಾನದಲ್ಲಿ ಒಂದು ವಿಧಿಯಿತ್ತು: ಅರಸ ಆಳಲು ಅಸಮರ್ಥನಾದಾಗ ಮಂತ್ರಿಮಂಡಲವೇ ಅವನ ಅಧಿಕಾರ ಚಲಾಯಿಸಬಹುದು. ಅರಸನಿಗೆ ಬುದ್ಧಿಭ್ರಮಣೆಯಾದರೆ, ಶತ್ರುವಿನ ಸೆರೆ ಸಿಕ್ಕರೆ ಎಂಬಂಥ ಕಾಲಕ್ಕಾಗಿ ಮಾಡಿದ್ದ ವಿಧಿ. ಏಪ್ರಿಲ್ ಮೊದಲ ವಾರ ಮಂತ್ರಿಗಳು ಗಟ್ಟಿಮುಟ್ಟಾಗಿದ್ದ ಅರಸರನ್ನು ಅಸಮರ್ಥರೆಂದು ಘೋಷಿಸಿದರು. ಎಲ್ಲರೂ ಸೇರಿ ಮಸೂದೆಗೆ ಸಹಿ ಹಾಕಿ ಕಾಯಿದೆ ಮಾಡಿದರು. 5ನೆಯ ತಾರೀಕು ಸಂಸತ್ತಿನ ಎರಡೂ ಸದನಗಳು ಸೇರಿ, ಅರಸರು ಈಗ ಸಮರ್ಥರಾಗಿದ್ದಾರೆ ಎಂದು ಮತ ಹಾಕಿ ಅವರನ್ನು ಮರಳಿ ಕೂರಿಸಿದವು. ನಗು ಬರುತ್ತದೆ, ನಿಜ. ಆದರೆ ಅರಸರ ಮನಸ್ಸಿಗೂ ನೋವಾಗದೆ, ಕಾಯಿದೆಯೂ ಒಂದು ದಿನ ತಡವಾಗದೆ ಮುಗಿದ ಬಿಕ್ಕಟ್ಟು ಇದು.

ಲಕ್ಸೆಂಬರ್ಗಿನವರು ಇಷ್ಟು ನಾಜೂಕು ತೋರಲಿಲ್ಲ. ಅಲ್ಲಿನ ಗ್ರ್ಯಾಂಡ್ ಡ್ಯೂಕ್ ಹೆನ್ರಿ 2008ರಲ್ಲಿ ದಯಾಮರಣದ ಮಸೂದೆಗೆ ಒಪ್ಪೆನೆಂದಾಗ ಸಂವಿಧಾನವನ್ನೇ ತಿದ್ದಿ ಅವರ ಅನುಮೋದನೆಯ ಅಗತ್ಯವನ್ನು ಕಿತ್ತುಹಾಕಿದರು. ಸ್ವೀಡನ್ ಅದಕ್ಕೂ ಮೊದಲೇ, 1974ರ ಸಂವಿಧಾನದಲ್ಲಿ, ಪ್ರಧಾನಿಯ ಹೆಸರು ಸೂಚಿಸುವ ಕೆಲಸವನ್ನು ಅರಸನಿಂದ ತೆಗೆದು ಸಂಸತ್ತಿನ ಸಭಾಧ್ಯಕ್ಷರಿಗೆ ಒಪ್ಪಿಸಿತ್ತು. ಅಲ್ಲಿ ಅರಸ ಮಸೂದೆಗೆ ಸಹಿಯನ್ನೂ ಹಾಕುವುದಿಲ್ಲ. 

ಅರಸನ ಪ್ರತಿನಿಧಿ ಅರಸನಿಗಿಂತ ಹೆಚ್ಚು ಅರಸನಾದ ಪ್ರಸಂಗ ಆಸ್ಟ್ರೇಲಿಯಾದ್ದು. 1975ರಲ್ಲಿ ಸೆನೆಟ್ ಸಭೆ ಸರ್ಕಾರದ ಖರ್ಚಿನ ಮಸೂದೆಯನ್ನು ತಡೆಹಿಡಿಯಿತು. ನವೆಂಬರ್ 11ರಂದು ಗವರ್ನರ್ ಜನರಲ್ ಜಾನ್ ಕರ್, ಕೆಳಮನೆಯಲ್ಲಿ ಬಹುಮತವಿದ್ದ ಪ್ರಧಾನಿ ಗಾಫ್ ವಿಟ್ಲಂ ಅವರನ್ನು ವಜಾ ಮಾಡಿ ವಿರೋಧ ಪಕ್ಷದ ಮಾಲ್ಕಂ ಫ್ರೇಸರರನ್ನು ಕೂರಿಸಿದರು. ಅದೇ ಮಧ್ಯಾಹ್ನ ಕೆಳಮನೆ ಫ್ರೇಸರರ ಮೇಲೆ ಅವಿಶ್ವಾಸ ಸೂಚಿಸಿತು. ಅದು ಅಧಿಕೃತವಾಗಿ ತಲುಪುವ ಮೊದಲೇ ಕರ್ ಎರಡೂ ಸದನಗಳನ್ನು ವಿಸರ್ಜಿಸಿಯಾಗಿತ್ತು. ಮುಂದಿನ ತಿಂಗಳ ಚುನಾವಣೆಯಲ್ಲಿ ಫ್ರೇಸರರು ಭಾರಿ ಬಹುಮತದಿಂದ ಗೆದ್ದರು, ಆದರೂ ಕರ್ ಅವರ ಹೆಸರಿಗೆ ಅಂಟಿದ ಕಳಂಕ ಹೋಗಲಿಲ್ಲ. ಬರೆದಿಟ್ಟ ಅಧಿಕಾರವನ್ನು ಬಳಸಿದ್ದಕ್ಕಾಗಿ ಅವರನ್ನು ಜನ ಕ್ಷಮಿಸಲಿಲ್ಲ.

ನಮ್ಮ ನೆರೆಯಲ್ಲೂ ಎರಡು ಕಥೆಗಳಿವೆ, ಎರಡಕ್ಕೂ 2008 ಗಡಿ. ನೇಪಾಳದಲ್ಲಿ 1990ರ ಸಂವಿಧಾನ ಅರಸನನ್ನು ಸಂಸತ್ತಿನ ಚೌಕಟ್ಟಿಗೆ ತಂದಿತ್ತು. 2005ರ ಫೆಬ್ರವರಿ 1ರಂದು ಅರಸ ಜ್ಞಾನೇಂದ್ರ ಸರ್ಕಾರವನ್ನು ವಜಾ ಮಾಡಿ ಅಧಿಕಾರವನ್ನು ತಾವೇ ವಹಿಸಿಕೊಂಡರು. ಮರುವರ್ಷ ಜನ ಬೀದಿಗಿಳಿದರು. 2008ರ ಮೇ 28ರಂದು ಅಲ್ಲಿ ರಾಜಪ್ರಭುತ್ವವೇ ರದ್ದಾಯಿತು. ಭೂತಾನದಲ್ಲಿ ನಡೆದದ್ದು ತದ್ವಿರುದ್ಧ. ಅರಸ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ತಾವೇ ಸಂವಿಧಾನದ ಕರಡು ಮಾಡಿಸಿ, ಜಿಲ್ಲೆ ಜಿಲ್ಲೆಗೂ ಅದನ್ನು ಒಯ್ದು ಚರ್ಚೆಗಿಟ್ಟರು. ನಮಗೆ ಅರಸರೇ ಸಾಕು, ಚುನಾವಣೆ ಏಕೆ ಎಂದ ಪ್ರಜೆಗಳೂ ಕಡಿಮೆಯಿರಲಿಲ್ಲ. 2006ರಲ್ಲಿ ಅವರು ಮಗನಿಗೆ ಪಟ್ಟ ಬಿಟ್ಟುಕೊಟ್ಟರು. 2008ರ ಮಾರ್ಚಿನಲ್ಲಿ 47 ಸ್ಥಾನಗಳ ರಾಷ್ಟ್ರೀಯ ಸಭೆಗೆ ಚುನಾವಣೆ ನಡೆದು, ಜುಲೈನಲ್ಲಿ ಸಂವಿಧಾನ ಜಾರಿಗೆ ಬಂತು. 65 ವರ್ಷವಾದಾಗ ಅರಸ ಪದವಿ ಬಿಡಬೇಕು; ಸಂಸತ್ತಿನ ನಾಲ್ಕನೆಯ ಮೂರು ಪಾಲು ಸದಸ್ಯರು ಒಪ್ಪಿ, ಜನಮತವೂ ಒಪ್ಪಿದರೆ ಅವನನ್ನು ಇಳಿಸಬಹುದು ಎಂದು ಅದರಲ್ಲಿ ಬರೆದಿದೆ.

ಕನ್ನಡ ನಾಡಿಗೂ ಈ ವಿಷಯಕ್ಕೂ ಇರುವ ನಂಟನ್ನು ಹೇಳದೆ ಮುಗಿಸಲಾರೆ. ಮೈಸೂರಿನ ಪ್ರಜಾಪ್ರತಿನಿಧಿ ಸಭೆ 1881ರಷ್ಟು ಹಿಂದೆಯೇ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಸೇರಿತೆಂದು ನಾವು ಹೆಮ್ಮೆಪಡುತ್ತೇವೆ. ಹೆಮ್ಮೆ ಸಲ್ಲತಕ್ಕದ್ದೇ. ಆದರೆ ಆ ಸಭೆ ದೂರು ಹೇಳಿಕೊಳ್ಳಬಹುದಿತ್ತು, ದಿವಾನರನ್ನು ಇಳಿಸಲಾಗುತ್ತಿರಲಿಲ್ಲ. ದಿವಾನರ ಹೊಣೆ ಮಹಾರಾಜರಿಗೆ, ಸಭೆಗಲ್ಲ. 1938ರಲ್ಲಿ ಶಿವಪುರದಲ್ಲಿ ಧ್ವಜವೇರಿಸಿದವರೂ, ಅದೇ ವರ್ಷದ ಏಪ್ರಿಲಿನಲ್ಲಿ ವಿದುರಾಶ್ವತ್ಥದಲ್ಲಿ ಗುಂಡಿಗೆ ಬಲಿಯಾದವರೂ ಸೇರಿದ್ದ ಚಳವಳಿ ಬೇಡಿದ್ದು ಜವಾಬ್ದಾರಿ ಸರ್ಕಾರವನ್ನು, ಅದೂ ಮಹಾರಾಜರ ಆಶ್ರಯದಲ್ಲೇ. ಡ್ಯಾನ್‌ಬಿಯ ಕಾಲದ ಪ್ರಶ್ನೆಯೇ ಅದು: ಮಂತ್ರಿ ಉತ್ತರ ಹೇಳಬೇಕಾದ್ದು ಯಾರಿಗೆ? 1947ರ ‘ಮೈಸೂರು ಚಲೋ’ ಚಳವಳಿ ಆದಮೇಲೆ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು. ಅಲ್ಲಿಂದ 1950ರ ಜನವರಿ 26ರ ತನಕ, ಎರಡು ವರ್ಷ ಚಿಲ್ಲರೆ ಕಾಲ, ಮೈಸೂರಿನಲ್ಲಿ ಮಹಾರಾಜರೂ ಇದ್ದರು, ಜನರ ಮಂತ್ರಿಗಳೂ ಇದ್ದರು.

ದೇಶದ ಸಂವಿಧಾನ ಬರೆಯುವಾಗಲೂ ಇದೇ ಮಾದರಿ ಕಣ್ಣಮುಂದಿತ್ತು. ನಮ್ಮ ರಾಷ್ಟ್ರಪತಿಯ ಸ್ಥಾನ ಇಂಗ್ಲೆಂಡಿನ ಅರಸನ ಸ್ಥಾನದಂಥದು, ರಾಷ್ಟ್ರದ ಮುಖ್ಯಸ್ಥರೇ ಹೊರತು ಕಾರ್ಯಾಂಗದ ಮುಖ್ಯಸ್ಥರಲ್ಲ ಎಂದು ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ವಿವರಿಸಿದರು. ಮಂತ್ರಿಮಂಡಲದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯಬೇಕೆಂಬ ಮಾತನ್ನು 74ನೆಯ ವಿಧಿಯಲ್ಲಿ ಬಿಚ್ಚಿ ಬರೆದದ್ದು 1976ರ 42ನೆಯ ತಿದ್ದುಪಡಿ.

ಮೈಸೂರಿನ ಜಯಚಾಮರಾಜ ಒಡೆಯರ್ ಅವರು ಈ ಮಾರ್ಪಾಟನ್ನೆಲ್ಲ ಒಬ್ಬರೇ ಹಾದುಬಂದರು. ಮೊದಲು ಮಹಾರಾಜರು, 1950ರಿಂದ ರಾಜಪ್ರಮುಖರು, 1956ರ ನವೆಂಬರ್ 1ರಿಂದ ರಾಜ್ಯಪಾಲರು. 1964ರಲ್ಲಿ ಮದ್ರಾಸಿನ ರಾಜ್ಯಪಾಲರಾಗಿ ಹೋಗುವ ತನಕ ಅವರು ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ ಎಂಬ ಆರು ಮಂದಿ ಮುಖ್ಯಮಂತ್ರಿಗಳ ಕಾಲದಲ್ಲಿ ಸಹಿ ಹಾಕಿದರು. ಆ ಸಹಿಗಳ ಬಗ್ಗೆ ಸದನದಲ್ಲಿ ಎದ್ದು ಉತ್ತರ ಕೊಟ್ಟವರು ಈ ಆರು ಮಂದಿ ಮತ್ತು ಅವರ ಮಂತ್ರಿಗಳು.